ಹಾಟ್ ಯೋಗ: ನೀರು ಎಷ್ಟು, ಉಪ್ಪು ಎಷ್ಟು, ಊಟ ಯಾವಾಗ?

ಹಾಟ್ ಯೋಗಕ್ಕೆ ಸೇರಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. "ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು?" "ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ?" "ಇಷ್ಟೊಂದು ನೀರು ಕುಡಿದರೂ ಕ್ಲಾಸ್ ಆದಮೇಲೆ ತಲೆನೋವು ಬರುತ್ತಲ್ಲ, ಯಾಕೆ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಎಲ್ಲವೂ ಒಂದೇ ಕಡೆ ಇರಲಿ ಅಂತ ಇದು.

ಮೊದಲೇ ಹೇಳಿಬಿಡುತ್ತೇನೆ, "ಎಲ್ಲರೂ ಮೂರು ಲೀಟರ್ ಕುಡಿಯಿರಿ" ಅನ್ನುವಂಥ ಸುಲಭದ ಉತ್ತರ ಇಲ್ಲಿ ಸಿಗುವುದಿಲ್ಲ. ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮ್ಯಾಟ್ ಮೇಲೆ ನಿಂತ ಇಬ್ಬರಲ್ಲಿ ಒಬ್ಬರು ಗಂಟೆಗೆ ಅರ್ಧ ಲೀಟರ್ ಬೆವರಿದರೆ ಇನ್ನೊಬ್ಬರು ಒಂದೂವರೆ ಲೀಟರ್ ಬೆವರಬಹುದು. ಹಾಗಾಗಿ ನಿಮ್ಮ ಲೆಕ್ಕ ನೀವೇ ತೆಗೆಯಬೇಕು. ಕಷ್ಟವೇನಿಲ್ಲ. ಇನ್ನೊಂದು ವಿಷಯ, ಬೆವರಿನಲ್ಲಿ ಹೋಗುವುದು ಬರೀ ನೀರಲ್ಲ, ಉಪ್ಪೂ ಹೋಗುತ್ತದೆ. ನಮ್ಮವರು ನೀರಿನ ಬಗ್ಗೆ ಬೇಕಾದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ, ಉಪ್ಪನ್ನು ಮರೆಯುತ್ತಾರೆ. ಅರ್ಧ ತೊಂದರೆ ಅಲ್ಲೇ ಶುರುವಾಗುವುದು.

ಹೊಸಬರಿಗೆ ಎರಡು ಮಾತು. ಕೋಣೆಯನ್ನು ಬೇಕೆಂದೇ ಬಿಸಿ ಮಾಡಿ ಅದರೊಳಗೆ ಆಸನ ಮಾಡಿಸುವುದು ಹಾಟ್ ಯೋಗ. ಕೋಲ್ಕತ್ತದಲ್ಲಿ ಹುಟ್ಟಿದ ಬಿಕ್ರಮ್ ಚೌಧರಿ 1970ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿಸಿದ ಬಿಕ್ರಮ್ ಯೋಗ ಇದರಲ್ಲಿ ಹೆಸರುವಾಸಿ. ಅದರಲ್ಲಿ 2 ಉಸಿರಾಟದ ಅಭ್ಯಾಸವೂ ಸೇರಿ 26 ಭಂಗಿ, ಒಟ್ಟು 90 ನಿಮಿಷ. ಕೋಣೆಯ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 40ರ ಆಸುಪಾಸು. ಈಗಿನ ಸ್ಟುಡಿಯೊಗಳಲ್ಲಿ ಎಲ್ಲ ಕಡೆ ಇಷ್ಟು ಬಿಸಿ ಇರುವುದಿಲ್ಲ. 32ರಿಂದ 40 ಡಿಗ್ರಿವರೆಗೆ ಎಲ್ಲ ಥರದ್ದೂ ಇವೆ, ಹಲವು ಕಡೆ 60 ನಿಮಿಷದ ಕ್ಲಾಸ್. ಸೇರುವಾಗ ಬಿಸಿ ಎಷ್ಟು, ಎಷ್ಟು ಹೊತ್ತು ಅಂತ ಕೇಳಿಕೊಳ್ಳಿ. ಮುಂದಿನ ಲೆಕ್ಕಕ್ಕೆ ಬೇಕು.

ಡಾಕ್ಟರನ್ನು ಕೇಳದೆ ಹೋಗಬಾರದವರು

ಗರ್ಭಿಣಿಯರಿಗೆ ಇದು ಬೇಡ. ಮಾಮೂಲಿ ಯೋಗ ಮಾಡಬಹುದಲ್ವಾ, ಅದು ಸಾಕು. ಹೃದಯದ ತೊಂದರೆ, ಕಿಡ್ನಿ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದ್ದವರು, ಹಿಂದೆ ಯಾವಾಗಲಾದರೂ ಬಿಸಿಲಿಗೆ ತಲೆ ತಿರುಗಿ ಬಿದ್ದವರು ಮೊದಲು ಡಾಕ್ಟರ ಹತ್ತಿರ ಮಾತಾಡಿ. ಮಾತ್ರೆಗಳ ಹೆಸರನ್ನೂ ಹೇಳಿ. ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು, ಉಪ್ಪು ಎರಡನ್ನೂ ಹೊರಗೆ ಹಾಕುತ್ತವೆ. ಸಕ್ಕರೆ ಕಾಯಿಲೆಯ ಕೆಲವು ಹೊಸ ಮಾತ್ರೆಗಳೂ ಮೂತ್ರ ಹೆಚ್ಚಿಸುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬಿಸಿಯಲ್ಲಿ ಅದು ಬೇಗ ರಕ್ತಕ್ಕೆ ಸೇರಿ ಸಕ್ಕರೆ ದಿಢೀರ್ ಇಳಿಯಬಹುದು. ಲಿಥಿಯಂ ಮಾತ್ರೆ ನುಂಗುವವರಿಗೆ ನೀರು, ಉಪ್ಪು ಏರುಪೇರಾದರೆ ಮಾತ್ರೆಯೇ ವಿಷವಾಗಬಹುದು.

ಮುಂದೆ ನಾನು "ಉಪ್ಪು ಸೇರಿಸಿ" ಅಂತ ಬರೆದ ಕಡೆಯೆಲ್ಲ ಅದು ಆರೋಗ್ಯವಾಗಿರುವವರಿಗೆ ಮಾತ್ರ. ಬಿಪಿ, ಕಿಡ್ನಿ ತೊಂದರೆ ಇದ್ದವರು ಈ ಲೇಖನ ನೋಡಿ ಉಪ್ಪು ಹೆಚ್ಚು ಮಾಡಬೇಡಿ.

ಏನೇನು ಬೇಕು

ತೂಕದ ಮೆಷಿನ್, ಡಿಜಿಟಲ್ ಆದರೆ ಒಳ್ಳೆಯದು, 100 ಗ್ರಾಂ ವ್ಯತ್ಯಾಸ ತೋರಿಸಬೇಕು. ಅಳತೆ ಗುರುತು ಇರುವ ಒಂದು ಲೀಟರ್ ಬಾಟಲಿ. ಟವೆಲ್ ಎರಡು, ಒಂದು ಮ್ಯಾಟ್ ಮೇಲೆ ಹಾಸಲು, ಒಂದು ಒರೆಸಿಕೊಳ್ಳಲು. ಅಡುಗೆಮನೆಯಿಂದ ಉಪ್ಪು, ನಿಂಬೆಹಣ್ಣು, ಬೆಲ್ಲ ಅಥವಾ ಸಕ್ಕರೆ, ಮೊಸರು. ಅಷ್ಟೇ. ಬಣ್ಣಬಣ್ಣದ ಪುಡಿ ಡಬ್ಬ ಕೊಳ್ಳುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಹಂತ 1: ನಿಮ್ಮ ಬೆವರಿನ ಲೆಕ್ಕ ತೆಗೆಯಿರಿ

ಕ್ಲಾಸಿಗೆ ಹೊರಡುವ ಮೊದಲು ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಬಾಟಲಿಯಿಂದ ಎಷ್ಟು ಕುಡಿದಿರಿ ಅಂತ ಗುರುತು ನೋಡಿಡಿ. ಮನೆಗೆ ಬಂದ ತಕ್ಷಣ, ಏನೂ ತಿನ್ನದೆ ಕುಡಿಯದೆ, ಬೆವರು ಪೂರ್ತಿ ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು ಮತ್ತೆ ತೂಕ ನೋಡಿ. ಬೆವರಿನಲ್ಲಿ ನೆಂದ ಟೀ ಶರ್ಟೇ ಎರಡು ಮೂರು ನೂರು ಗ್ರಾಂ ತೂಗುತ್ತದೆ, ಅದನ್ನು ಹಾಕಿಕೊಂಡು ನಿಂತರೆ ಲೆಕ್ಕ ಹಾಳು.

ಉದಾಹರಣೆಗೆ ಮೊದಲಿನ ತೂಕ 62.4 ಕೆಜಿ, ಆಮೇಲಿನದು 61.5 ಕೆಜಿ, ನಡುವೆ ಕುಡಿದದ್ದು 400 ಮಿಲಿ ಅಂತಿಟ್ಟುಕೊಳ್ಳಿ. ತೂಕ ಇಳಿದದ್ದು 900 ಗ್ರಾಂ. ಒಂದು ಕೆಜಿ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು, ಹಾಗಾಗಿ 900 ಮಿಲಿ. ಅದಕ್ಕೆ ಕುಡಿದ 400 ಸೇರಿಸಿದರೆ ನೀವು ಬೆವರಿದ್ದು 1.3 ಲೀಟರ್. ಮಧ್ಯೆ ಟಾಯ್ಲೆಟ್‌ಗೆ ಹೋಗಿದ್ದರೆ ಅವತ್ತಿನ ಲೆಕ್ಕ ಬಿಡಿ, ಇನ್ನೊಂದು ದಿನ ನೋಡಿದರಾಯಿತು.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗಬೇಕು. ಒಂದು, ಇಳಿದ ತೂಕ ನಿಮ್ಮ ಒಟ್ಟು ತೂಕದ ಶೇಕಡಾ 2ಕ್ಕಿಂತ ಕಡಿಮೆ ಇರಬೇಕು. 62 ಕೆಜಿಯವರಿಗೆ ಅದು ಸುಮಾರು 1.2 ಕೆಜಿ. ಅದಕ್ಕಿಂತ ಜಾಸ್ತಿ ಇಳಿದರೆ ಕುಡಿದದ್ದು ಸಾಲದು. ಎರಡು, ತೂಕ ಇಳಿಯುವ ಬದಲು ಏರಿದ್ದರೆ ನೀವು ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದೀರಿ. ಇದು ಒಳ್ಳೆಯ ಸುದ್ದಿ ಅಲ್ಲ, ಯಾಕೆ ಅಂತ ಮುಂದೆ ಬರುತ್ತದೆ.

ಒಂದೇ ದಿನ ನೋಡಿ ಬಿಡಬೇಡಿ, ಬೇರೆ ಬೇರೆ ದಿನ ನೋಡಿ ಸರಾಸರಿ ತೆಗೆಯಿರಿ. ಮತ್ತೆ, ಆ 900 ಗ್ರಾಂ ನೋಡಿ ದಪ್ಪ ಕರಗಿತು ಅಂತ ಯಾರೂ ಖುಷಿಪಡಬೇಡಿ. ಅದು ನೀರು. ಸಂಜೆಯೊಳಗೆ ವಾಪಸ್ ಬರುತ್ತದೆ, ಬರಲೇಬೇಕು.

ಹಂತ 2: ತಯಾರಿ ಹಿಂದಿನ ದಿನವೇ ಶುರು

ಕ್ಲಾಸಿಗೆ ಹತ್ತು ನಿಮಿಷ ಇರುವಾಗ ಗಟಗಟ ಅಂತ ಒಂದು ಲೀಟರ್ ಇಳಿಸುವವರನ್ನು ಎಲ್ಲ ಸ್ಟುಡಿಯೊದಲ್ಲೂ ನೋಡಬಹುದು. ಆ ನೀರು ಹೊಟ್ಟೆಯಲ್ಲೇ ಕುಲುಕಾಡುತ್ತಿರುತ್ತದೆ, ಮುಂದಕ್ಕೆ ಬಗ್ಗಿದಾಗ ಗಂಟಲಿಗೆ ಬರುತ್ತದೆ. ಮೈಗೆ ನೀರು ಸೇರಲು ಸಮಯ ಬೇಕು.

ಹಿಂದಿನ ದಿನ ಮಾಮೂಲಿಯಾಗಿ, ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಸಾಕಾ ಇಲ್ಲವಾ ಅಂತ ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ ಇದೆ. ಗಾಢ ಹಳದಿ, ಕಂದು ಬಣ್ಣಕ್ಕೆ ತಿರುಗಿದ್ದರೆ ನೀರು ಕಡಿಮೆ. ನೀರಿನ ಥರವೇ ಬಣ್ಣವಿಲ್ಲದೆ ಬರುತ್ತಿದ್ದರೆ ಇನ್ನೂ ಕುಡಿಯುವ ಅಗತ್ಯ ಇಲ್ಲ. ಒಂದು ಎಚ್ಚರ, ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಹೊಳೆಯುವ ಹಳದಿ ಬಣ್ಣದಲ್ಲಿ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ನೀರು ಸುರಿದುಕೊಳ್ಳಬೇಡಿ.

ಎಸಿ ಆಫೀಸಿನಲ್ಲಿ ಕೂರುವವರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಇದರ ಮೇಲೆ ಬೆಂಗಳೂರಿನ ಟ್ರಾಫಿಕ್ಕು. ಒಂದೂವರೆ ಗಂಟೆ ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ಮಧ್ಯಾಹ್ನದಿಂದಲೇ ನೀರು ಬಿಡುವ ಹೆಣ್ಣುಮಕ್ಕಳು ಎಷ್ಟು ಜನ ಬೇಕು! ಹಾಗೆ ಒಣಗಿದ ಮೈಯಲ್ಲಿ ನೇರ 40 ಡಿಗ್ರಿ ಕೋಣೆಗೆ ಹೋಗುವುದು ಅಪಾಯ. ಅಂಥ ದಿನ ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಚೆನ್ನಾಗಿ ಕುಡಿಯಿರಿ, ಆಫೀಸು ಬಿಡುವ ಒಂದು ಗಂಟೆ ಮೊದಲು ನಿಲ್ಲಿಸಿ, ಸ್ಟುಡಿಯೊ ತಲುಪಿದ ಮೇಲೆ ಒಂದು ಲೋಟ ಕುಡಿಯಿರಿ. ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೂ ಚಳಿಗಾಲದಲ್ಲಿ ಇದೇ ಕಥೆ. ಹೊರಗೆ ಹಿಮ ಬೀಳುವಾಗ ನೀರು ಬೇಡ ಅನಿಸುತ್ತದೆ, ಹೀಟರ್ ಗಾಳಿ ಮೈ ಒಣಗಿಸಿರುತ್ತದೆ.

ಹಿಂದಿನ ರಾತ್ರಿ ಮದ್ಯ ಕುಡಿದಿದ್ದರೆ ಬೆಳಗಿನ ಕ್ಲಾಸ್ ಬಿಟ್ಟುಬಿಡಿ. "ಬೆವರಿ ಹೊರಗೆ ಹಾಕ್ತೀನಿ" ಅನ್ನುವುದು ಸುಮ್ನೆ ಮಾತು. ಮದ್ಯವನ್ನು ಕರಗಿಸುವುದು ಲಿವರ್, ಬೆವರಲ್ಲ.

ಹಂತ 3: ಕ್ಲಾಸಿನ ಮುಂಚೆ ಊಟ, ತಿಂಡಿ

ಮಾತು ಜಾಸ್ತಿ ಬೇಕಾಗಿರುವುದು ಇಲ್ಲಿ. ಬಿಸಿಯಲ್ಲಿ ಮೈ ತಂಪಾಗಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಆಸನ ಮಾಡುವಾಗ ಸ್ನಾಯುಗಳಿಗೂ ಬೇಕು. ಹೊಟ್ಟೆಯಲ್ಲಿ ಭಾರಿ ಊಟ ಇದ್ದರೆ ಅಲ್ಲಿಗೂ ಬೇಕು. ಮೂರು ಕಡೆಗೂ ಸಾಲುವುದಿಲ್ಲ. ಓಕರಿಕೆ, ಹೊಟ್ಟೆ ತೊಳೆಸುವುದು, ತಲೆ ಸುತ್ತುವುದು ಹೀಗೇ ಶುರುವಾಗುತ್ತದೆ. ಹಾಗಂತ ರಾತ್ರಿ ಊಟ ಬಿಟ್ಟು, ಬೆಳಗ್ಗೆಯೂ ಏನೂ ಮುಟ್ಟದೆ ಹೋದರೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಖಾಲಿ ಹೊಟ್ಟೆ ಅಂದರೆ ಭಾರ ಇಲ್ಲದ ಹೊಟ್ಟೆ ಅಂತ ಇಟ್ಟುಕೊಳ್ಳಿ, ಉಪವಾಸದ ಹೊಟ್ಟೆ ಅಲ್ಲ.

ಬಿಸಿಬೇಳೆ ಬಾತ್, ಪೂರಿ, ಮಸಾಲೆ ದೋಸೆ, ಬಿರಿಯಾನಿ, ಕಾಳಿನ ಹುಳಿ ಜೊತೆ ದೊಡ್ಡ ಮುದ್ದೆ, ಇವುಗಳಿಗೆ 3ರಿಂದ 4 ಗಂಟೆ ಬಿಡಿ. ಎಣ್ಣೆ, ತುಪ್ಪ, ಬೇಳೆ, ನಾರು ಇದ್ದಷ್ಟೂ ಹೊಟ್ಟೆಯಿಂದ ನಿಧಾನ ಇಳಿಯುತ್ತದೆ. ಎರಡು ಇಡ್ಲಿ, ಮೊಸರವಲಕ್ಕಿ, ಸಣ್ಣ ಬಟ್ಟಲು ಉಪ್ಪಿಟ್ಟು, ಅನ್ನ ಸಾರು ಇಂಥವಕ್ಕೆ 2 ಗಂಟೆ, ಎರಡೂವರೆ ಗಂಟೆ. ಏಲಕ್ಕಿ ಬಾಳೆಹಣ್ಣು, ಎರಡು ಖರ್ಜೂರ, ತೆಳ್ಳಗಿನ ರಾಗಿ ಅಂಬಲಿ ಆದರೆ 45 ನಿಮಿಷದಿಂದ ಒಂದು ಗಂಟೆ ಸಾಕು. ಇದು ಸುಮಾರು ಲೆಕ್ಕ. ನಿಮ್ಮ ಹೊಟ್ಟೆಗೆ ಯಾವುದು ಆಗುತ್ತದೆ ಅಂತ ನೀವೇ ನೋಡಿಕೊಳ್ಳಬೇಕು, ಒಬ್ಬರಿಗೆ ಆರಾಮಾಗಿ ಇಳಿಯುವ ಹಾಲು ಇನ್ನೊಬ್ಬರಿಗೆ ಮೊದಲ ಆಸನದಲ್ಲೇ ಮೇಲೆ ಬರುತ್ತದೆ.

ಬೆಳಗ್ಗೆ 6:30ರ ಕ್ಲಾಸ್ ಇದ್ದರೆ ರಾತ್ರಿ ಊಟ ಸರಿಯಾಗಿ ಮಾಡಿ, 8:30ರೊಳಗೆ ಮುಗಿಸಿ. ಅನ್ನವೋ ಚಪಾತಿಯೋ ಇರಲಿ. "ನಾಳೆ ಯೋಗ ಇದೆ" ಅಂತ ಬರೀ ಸೌತೆಕಾಯಿ ತಿಂದು ಮಲಗಬೇಡಿ. ಬೆಳಗ್ಗೆ 5:15ಕ್ಕೆಲ್ಲ ಎದ್ದು 300 ಮಿಲಿ ನೀರು ಒಂದು ಚಿಟಿಕೆ ಉಪ್ಪು ಹಾಕಿ ನಿಧಾನವಾಗಿ ಕುಡಿಯಿರಿ, ಒಂದು ಏಲಕ್ಕಿ ಬಾಳೆಹಣ್ಣು ತಿನ್ನಿ. ಕೆಲವರಿಗೆ ಅದೂ ಸೇರುವುದಿಲ್ಲ. ಅಂಥವರು ನೀರಿಗೆ ಒಂದು ಚಮಚ ಬೆಲ್ಲ ಹಾಕಿಕೊಂಡರೆ ಆಯಿತು.

ಸಂಜೆ 6:30ರದ್ದಾದರೆ ಮಧ್ಯಾಹ್ನ 1ಕ್ಕೆ ಊಟ, 4:15ರ ಹೊತ್ತಿಗೆ ಸಣ್ಣ ತಿಂಡಿ. ಅವಲಕ್ಕಿ, ಎರಡು ಇಡ್ಲಿ, ಅಥವಾ ಬಾಳೆಹಣ್ಣಿನ ಜೊತೆ ಹತ್ತು ಹನ್ನೆರಡು ಶೇಂಗಾ. ಆಫೀಸಿನ ಸಮೋಸ, ಬೋಂಡ ಬೇಡ. ಸಂಜೆ ಕ್ಲಾಸಿನಲ್ಲಿ ಹೊಟ್ಟೆ ತೊಳೆಸಿತು ಅನ್ನುವವರನ್ನು ಕೇಳಿ ನೋಡಿ, ನಾಲ್ಕೂವರೆಗೆ ಏನು ತಿಂದಿದ್ದರು ಅಂತ.

ಕಾಫಿ? ಇದನ್ನು ಕೇಳದವರೇ ಇಲ್ಲ. ದಿನಾ ಕುಡಿಯುವವರಿಗೆ ಒಂದು ಲೋಟ ಫಿಲ್ಟರ್ ಕಾಫಿಯಿಂದ ಮೈ ಒಣಗಿ ಹೋಗುವುದಿಲ್ಲ, ಅದರಲ್ಲಿರುವ ನೀರೂ ಲೆಕ್ಕಕ್ಕೆ ಬರುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ಕುಡಿದು ತಕ್ಷಣ ಬಿಸಿ ಕೋಣೆಗೆ ಹೋದರೆ ಎದೆ ಉರಿ, ಎದೆ ಡವಡವ ಬರಬಹುದು. ಒಂದೂವರೆ ಗಂಟೆ ಮುಂಚೆ ಆದರೆ ಪರವಾಗಿಲ್ಲ.

ಕುಡಿಯುವ ಲೆಕ್ಕ ಹೀಗೆ. ಕ್ಲಾಸಿಗೆ ಸುಮಾರು 4 ಗಂಟೆ ಮೊದಲು, ನಿಮ್ಮ ತೂಕದ ಪ್ರತಿ ಕೆಜಿಗೆ 5ರಿಂದ 7 ಮಿಲಿ. 60 ಕೆಜಿಯವರಿಗೆ 300ರಿಂದ 420 ಮಿಲಿ. ಎರಡು ಗಂಟೆ ಇರುವಾಗ ಮೂತ್ರ ಇನ್ನೂ ಗಾಢ ಬಣ್ಣದಲ್ಲಿದ್ದರೆ ಮತ್ತೆ 200ರಿಂದ 300 ಮಿಲಿ. ಕೊನೆಯ ಅರ್ಧ ಗಂಟೆಯಲ್ಲಿ ನಾಲ್ಕೈದು ಗುಟುಕು ಸಾಕು. ಬೆಳಗಿನ ಕ್ಲಾಸಿನವರು ನಾಲ್ಕು ಗಂಟೆ ಮೊದಲು ಏಳಲು ಆಗುವುದಿಲ್ಲ, ಅವರಿಗೆ ರಾತ್ರಿ ಕುಡಿದದ್ದೇ ಆಧಾರ.

ಹಂತ 4: ಕೋಣೆಯೊಳಗೆ

ಬಾಯಾರಿಕೆ ಆದಾಗ ಎರಡು ಮೂರು ಗುಟುಕು. 60 ನಿಮಿಷಕ್ಕೆ ಒಟ್ಟು 300ರಿಂದ 500 ಮಿಲಿ ಹೆಚ್ಚಿನವರಿಗೆ ಸಾಕಾಗುತ್ತದೆ, ಜಾಸ್ತಿ ಬೆವರುವವರು ಹಂತ 1ರ ಲೆಕ್ಕ ನೋಡಿ ಸ್ವಲ್ಪ ಏರಿಸಿಕೊಳ್ಳಿ. ಆಸನ ಬದಲಾಗುವಾಗ ಕುಡಿಯಿರಿ, ತಲೆ ಕೆಳಗೆ ಮಾಡುವ ಆಸನಕ್ಕೆ ಮುಂಚೆ ಬೇಡ. ಬಿಕ್ರಮ್ ಕ್ಲಾಸಿನಲ್ಲಿ ಗರುಡಾಸನ ಆಗುವ ತನಕ ಬಾಟಲಿ ಮುಟ್ಟಬಾರದು ಅನ್ನುವ ರೂಢಿ ಇದೆ. ಮೊದಲ ಹದಿನೈದಿಪ್ಪತ್ತು ನಿಮಿಷ ತಾನೇ, ಚೆನ್ನಾಗಿ ಕುಡಿದು ಬಂದವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಕ್ಲಾಸಿನ ಪೂರ್ತಿ ನೀರು ಕುಡಿಯಬೇಡಿ ಅನ್ನುವ ಗುರುಗಳು ಸಿಕ್ಕರೆ ಅವರ ಮಾತು ಕೇಳಬೇಡಿ. ತಣ್ಣನೆಯ ಸಾಮಾನ್ಯ ಕೋಣೆಯಲ್ಲಿ ಹೇಳುವ ನಿಯಮ ಅದು, 40 ಡಿಗ್ರಿಗೆ ಹೊಂದುವುದಿಲ್ಲ.

ನೀರು ಮಡಕೆ ನೀರಿನಷ್ಟು ತಣ್ಣಗಿದ್ದರೆ ಕುಡಿಯಲು ಹಿತ. ಐಸ್ ನೀರನ್ನು ಒಂದೇ ಸಲ ಗಟಗಟಿಸಿದರೆ ಕೆಲವರಿಗೆ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಬೆವರು ಧಾರಾಕಾರ ಇಳಿಯುವುದನ್ನು ನೋಡಿ ಹೆಮ್ಮೆಪಡುವವರಿಗೆ ಒಂದು ಮಾತು. ಮೈ ತಂಪಾಗುವುದು ಬೆವರು ಆರಿದಾಗ. ತೇವಾಂಶ ಜಾಸ್ತಿ ಇರುವ ಕೋಣೆಯಲ್ಲಿ ಅದು ಆರದೆ ಸುಮ್ಮನೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಹೋಗುತ್ತದೆ, ಮೈ ಮಾತ್ರ ತಂಪಾಗುವುದಿಲ್ಲ. ಮಂಗಳೂರು, ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ, ಮೇ ತಿಂಗಳಲ್ಲಿ ಅಲ್ಲಿ ಊರೇ ಹಾಟ್ ಯೋಗ ಕೋಣೆ.

ಹಂತ 5: ಮುಗಿದ ಮೇಲೆ ಏನು ಕುಡಿಯಬೇಕು

ಇಳಿದ ಪ್ರತಿ ಕೆಜಿಗೆ ಒಂದೂಕಾಲರಿಂದ ಒಂದೂವರೆ ಲೀಟರ್. ಕುಡಿದದ್ದರಲ್ಲಿ ಒಂದಷ್ಟು ಮೂತ್ರದಲ್ಲಿ ಹೋಗಿಬಿಡುತ್ತದೆ, ಅದಕ್ಕೇ ಈ ಹೆಚ್ಚುವರಿ. ಮೇಲಿನ ಉದಾಹರಣೆಯ 900 ಗ್ರಾಂಗೆ 1.1ರಿಂದ 1.35 ಲೀಟರ್. ಒಂದೇ ಉಸಿರಿಗಲ್ಲ, ಮುಂದಿನ ಮೂರು ನಾಲ್ಕು ಗಂಟೆಯಲ್ಲಿ. ಬರೀ ನೀರನ್ನೇ ಕುಡಿದರೆ ಅದು ಮೈಯಲ್ಲಿ ನಿಲ್ಲದೆ ಬೇಗ ಹೊರಟುಹೋಗುತ್ತದೆ. ಜೊತೆಗೆ ಉಪ್ಪು ಹೋದರೆ ನಿಲ್ಲುತ್ತದೆ.

ಎಲೆಕ್ಟ್ರೊಲೈಟ್ ಅನ್ನುವ ಮಾತು ಎಲ್ಲ ಬಾಟಲಿ ಮೇಲೂ ಇರುತ್ತದಲ್ಲ, ಅದು ಮತ್ತೇನಲ್ಲ, ನೀರಿನಲ್ಲಿ ಕರಗಿ ನರ, ಸ್ನಾಯು ಕೆಲಸ ಮಾಡಲು ಬೇಕಾಗುವ ಲವಣಗಳು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಇತ್ಯಾದಿ. ಅಡುಗೆ ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರೈಡ್. ಬೆವರಿನಲ್ಲಿ ಜಾಸ್ತಿ ಹೋಗುವುದು ಇವೇ ಎರಡು. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ 500 ಮಿಲಿಗ್ರಾಂನಿಂದ 1500 ಮಿಲಿಗ್ರಾಂವರೆಗೂ ಇರಬಹುದು. ಪೊಟ್ಯಾಸಿಯಂ ಅದಕ್ಕಿಂತ ಎಷ್ಟೋ ಕಡಿಮೆ, 200 ಮಿಲಿಗ್ರಾಂ ಆಸುಪಾಸು. ಕಪ್ಪು ಟೀ ಶರ್ಟ್ ಒಣಗಿದ ಮೇಲೆ ಬಿಳಿ ಗೆರೆ ಕಾಣುತ್ತದಾ? ಬೆವರು ಕಣ್ಣಿಗೆ ಹೋದರೆ ಜಾಸ್ತಿ ಉರಿಯುತ್ತದಾ? ಹಾಗಾದರೆ ನಿಮ್ಮದು ಉಪ್ಪು ಬೆವರು.

ಈಗ ಎಳನೀರಿಗೆ ಬರೋಣ. ಮೈಸೂರಿನ ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು ಅಭ್ಯಾಸ ಮುಗಿಸಿ ಮೊದಲು ನಿಲ್ಲುವುದು ಎಳನೀರಿನವರ ಮುಂದೆ. ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ನೀವು ಕಳೆದುಕೊಂಡದ್ದು ಅದರ ಉಲ್ಟಾ. ಹಾಗಾಗಿ ಎಳನೀರು ಕುಡಿದು ಮೇಲೆ ಉಪ್ಪು ಇರುವ ತಿಂಡಿ ತಿನ್ನಿ. ಅಥವಾ ಅದಕ್ಕೇ ಚಿಟಿಕೆ ಉಪ್ಪು ಹಾಕಿಕೊಳ್ಳಿ. ಬರೀ ಎಳನೀರಿನ ಮೇಲೆ ನಂಬಿಕೆ ಇಟ್ಟು ದಿನಾ ಎರಡು ಮೂರು ಕುಡಿದರೂ ಸುಸ್ತು ಹೋಗಲಿಲ್ಲ ಅನ್ನುವವರಿಗೆ ಕಾರಣ ಇದೇ ಇರಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಇಷ್ಟು ಪೊಟ್ಯಾಸಿಯಂ ಅಪಾಯ.

ಮನೆಯಲ್ಲೇ ಮಾಡಿಕೊಳ್ಳುವುದು ಹೀಗೆ. ಒಂದು ಲೀಟರ್ ನೀರು, ಅದಕ್ಕೆ ಕಾಲು ಟೀ ಚಮಚ ಉಪ್ಪು, ಮಟ್ಟಸವಾಗಿ, ಗೋಪುರದ ಹಾಗಲ್ಲ. ಎರಡು ದೊಡ್ಡ ಚಮಚ ಸಕ್ಕರೆ ಅಥವಾ ಬೆಲ್ಲದ ಪುಡಿ. ಒಂದು ನಿಂಬೆಹಣ್ಣಿನ ರಸ. ಇದರಲ್ಲಿ ಸೋಡಿಯಂ ಸುಮಾರು 500ರಿಂದ 600 ಮಿಲಿಗ್ರಾಂ ಆಗುತ್ತದೆ. ಸಕ್ಕರೆ ಬರೀ ರುಚಿಗಲ್ಲ, ಕರುಳು ಸೋಡಿಯಂ ಜೊತೆ ನೀರನ್ನು ಬೇಗ ಹೀರಿಕೊಳ್ಳಲು ಅದು ನೆರವಾಗುತ್ತದೆ. ಬಾಯಿಗಿಟ್ಟಾಗ ಉಪ್ಪು ಕಣ್ಣೀರಿಗಿಂತ ಜಾಸ್ತಿ ಅನಿಸಿದರೆ ಅಳತೆ ತಪ್ಪಿದೆ, ಚೆಲ್ಲಿ ಮತ್ತೆ ಮಾಡಿ.

ಮಜ್ಜಿಗೆ ನನ್ನ ಮೊದಲ ಆಯ್ಕೆ. ಒಂದು ಪಾಲು ಮೊಸರು, ಮೂರು ಪಾಲು ನೀರು, ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಇಂಗು. ಹಸಿಮೆಣಸು ಬೇಕಾದರೆ ಹಾಕಿ, ಕ್ಲಾಸಿನ ಮೊದಲು ಕುಡಿಯುವುದಾದರೆ ಬೇಡ. ರಾಮನವಮಿಗೆ ಪಾನಕ, ನೀರು ಮಜ್ಜಿಗೆ, ಕೋಸಂಬರಿ ಹಂಚುತ್ತಾರಲ್ಲ, ಹಾಟ್ ಯೋಗ ಮುಗಿಸಿ ಬಂದವರಿಗೆ ಬೇಕಾದ ಬೆಲ್ಲ, ಉಪ್ಪು, ನೀರು, ಬೇಳೆ ಎಲ್ಲ ಅಲ್ಲೇ ಇದೆ. ಉಪ್ಪು, ಮಜ್ಜಿಗೆ ಹಾಕಿದ ರಾಗಿ ಅಂಬಲಿಯೂ ಆಗುತ್ತದೆ. ಕರಾವಳಿಯವರು ಪುನರ್ಪುಳಿ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳಿ.

ಓಆರ್‌ಎಸ್ ಪೊಟ್ಟಣ ದಿನಾ ಬೇಕಾಗಿಲ್ಲ. ಅದು ಬೇಧಿಗೆ ಅಂತ ಮಾಡಿದ್ದು, ಉಪ್ಪಿನ ಅಂಶ ಮೇಲಿನ ನಿಂಬೆ ನೀರಿಗಿಂತ ಜಾಸ್ತಿ. 90 ನಿಮಿಷದ ಕ್ಲಾಸ್ ಮುಗಿಸಿ ತೀರಾ ಸುಸ್ತಾದ ದಿನ, ಉಪ್ಪು ಬೆವರಿನವರು ಒಂದು ಲೋಟ ಕುಡಿಯಬಹುದು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಇಡೀ ಪೊಟ್ಟಣ ಸುರಿಯುವುದು ತಪ್ಪು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯಾ ನೋಡಿ. ಓಆರ್‌ಎಸ್ ಹೆಸರಿನಲ್ಲಿ ಸಿಹಿ ಜ್ಯೂಸ್ ಡಬ್ಬಿಗಳನ್ನು ಮಾರುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ, ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಹಾಕುವ ಹಾಗಿಲ್ಲ ಎಂದು ಆದೇಶ ಹೊರಡಿಸಿತು.

ಪಿಂಕ್ ಸಾಲ್ಟ್, ಸೈಂಧವ ಲವಣ ಬೇಕಾ ಅಂತ ಕೇಳುತ್ತೀರಿ. ಅದರಲ್ಲೂ ಇರುವುದು ಹೆಚ್ಚುಕಡಿಮೆ ಅದೇ ಸೋಡಿಯಂ ಕ್ಲೋರೈಡ್. ಮನೆಯ ಅಯೋಡಿನ್ ಉಪ್ಪೇ ಸಾಕು. ಕ್ಲಾಸ್ ಇಲ್ಲದ ದಿನ ಈ ಉಪ್ಪು ನೀರೂ ಬೇಡ, ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನೊಳಗೆ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸಾರು, ಉಪ್ಪಿನಕಾಯಿ, ಹಪ್ಪಳದಲ್ಲೇ ಅದು ಮುಗಿದುಹೋಗಿರುತ್ತದೆ.

ಹಂತ 6: ಮುಗಿದ ಮೇಲಿನ ಊಟ

ಮೊದಲ ಅರ್ಧ ಗಂಟೆ ಕುಡಿಯುವುದಷ್ಟೇ. ಮೈ ಬಿಸಿ ಇಳಿಯಲಿ, ಹಸಿವು ಆಮೇಲೆ ಬರುತ್ತದೆ. ಒಂದೆರಡು ಗಂಟೆಯೊಳಗೆ ಸರಿಯಾದ ಊಟ ಮಾಡಿ. ಅನ್ನ, ಚಪಾತಿ, ಮುದ್ದೆ ಯಾವುದಾದರೂ ಸರಿ, ಜೊತೆಗೆ ಪ್ರೋಟೀನ್ ಇರಬೇಕು. ಎರಡು ಮೊಟ್ಟೆಯಲ್ಲಿ 12 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ 18 ಗ್ರಾಂ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ 7 ಗ್ರಾಂ ಆಸುಪಾಸು ಇರುತ್ತದೆ. ಎಲ್ಲ ಸೇರಿ ಆ ಒಂದು ಊಟದಲ್ಲಿ 20 ಗ್ರಾಂ ಬಂದರೆ ಚೆನ್ನ. ಬರೀ ತಿಳಿಸಾರು ಅನ್ನದಲ್ಲಿ ಅಷ್ಟು ಬರುವುದಿಲ್ಲ, ಒಂದು ಬಟ್ಟಲು ಮೊಳಕೆ ಹೆಸರುಕಾಳೋ ಮೊಸರೋ ಸೇರಿಸಿ.

ಸಾವಿರ ಕ್ಯಾಲೊರಿ ಕರಗಿಸಿದೆ ಅಂದುಕೊಂಡು ಎರಡು ಪ್ಲೇಟ್ ತಿನ್ನಬೇಡಿ. ಅಮೆರಿಕದ ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯವರು 90 ನಿಮಿಷದ ಬಿಕ್ರಮ್ ಕ್ಲಾಸ್ ಅಳೆದು ನೋಡಿದಾಗ ಗಂಡಸರಿಗೆ ಸುಮಾರು 460, ಹೆಂಗಸರಿಗೆ 330 ಕ್ಯಾಲೊರಿ ಖರ್ಚಾಗಿತ್ತು. ಬಿಸಿಯಲ್ಲಿ ಎದೆ ಬಡಿತ ಏರುತ್ತದೆ, ಅದನ್ನು ನೋಡಿ ಕೈ ವಾಚು ಜಾಸ್ತಿ ತೋರಿಸಬಹುದು.

ಹಂತ 7: ಮೊದಲ ಎರಡು ವಾರ

ಬಿಸಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹಾಗಾಗಿ ಶುರುವಿನಲ್ಲಿ ಉಪ್ಪು ಜಾಸ್ತಿ ಹೋಗುತ್ತದೆ. ಈ ದಿನಗಳಲ್ಲಿ ಒಂದು ದಿನ ಬಿಟ್ಟು ಒಂದು ದಿನ ಹೋಗಿ, ಸುಸ್ತಾದರೆ ಮ್ಯಾಟ್ ಮೇಲೆ ಮಲಗಿ, ಬಾಗಿಲ ಹತ್ತಿರ ಜಾಗ ಹಿಡಿಯಿರಿ. ಬೆವರು ಜಾಸ್ತಿಯಾದಾಗ, ಅಂದರೆ ಮೈ ಒಗ್ಗಿದ ಮೇಲೆ, ಹಂತ 1ರ ಲೆಕ್ಕ ಮತ್ತೆ ತೆಗೆಯಿರಿ.

ಯಾವಾಗ ನಿಲ್ಲಿಸಬೇಕು

ತಲೆ ಸುತ್ತು, ವಾಂತಿ ಬಂದ ಹಾಗಾಗುವುದು, ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು, ಅಷ್ಟು ಬಿಸಿಯಲ್ಲೂ ಚಳಿ ಬಂದಂತೆ ಮೈ ಜುಮ್ಮೆನ್ನುವುದು. ಇವುಗಳಲ್ಲಿ ಒಂದು ಬಂದರೂ ಕೋಣೆಯಿಂದ ಹೊರಗೆ ಬನ್ನಿ. "ಒಳಗೇ ಇರಿ, ಸರಿ ಹೋಗುತ್ತೆ" ಅಂತ ಯಾರು ಹೇಳಿದರೂ ಸರಿ. ತಂಪಾದ ಕಡೆ ಮಲಗಿ, ಕಾಲು ಸ್ವಲ್ಪ ಎತ್ತರಕ್ಕಿಟ್ಟು, ಉಪ್ಪು ಸಕ್ಕರೆ ನಿಂಬೆ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಮಾತು ತೊದಲುವುದು, ಎಲ್ಲಿದ್ದೇನೆ ಅಂತ ತಿಳಿಯದಿರುವುದು, ತೂರಾಡುವುದು, ಪ್ರಜ್ಞೆ ತಪ್ಪುವುದು ಆದರೆ ಅದು ಹೀಟ್ ಸ್ಟ್ರೋಕ್ ಇರಬಹುದು, ಅಂದರೆ ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ಪೆಟ್ಟು ಬೀಳುವ ಸ್ಥಿತಿ. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಮೈ ಮೇಲೆ ತಣ್ಣೀರು ಸುರಿದು ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನು ಹೆಚ್ಚು ಜನಕ್ಕೆ ಗೊತ್ತಿಲ್ಲದ ಅಪಾಯ, ನೀರು ಜಾಸ್ತಿಯಾಗುವುದು. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ, ಮೇಲಿಂದ ಮೇಲೆ ಬರೀ ನೀರು ಸುರಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಡಾಕ್ಟರುಗಳು ಇದನ್ನು ಹೈಪೊನೆಟ್ರೀಮಿಯಾ ಅನ್ನುತ್ತಾರೆ. ಕಷ್ಟ ಏನೆಂದರೆ ತಲೆನೋವು, ವಾಂತಿ, ಮಂಕು, ನೀರು ಕಡಿಮೆಯಾದರೂ ಜಾಸ್ತಿಯಾದರೂ ಒಂದೇ ಥರ ಇರುತ್ತದೆ. ನೀರು ಕಡಿಮೆಯಾದರೆ ಬಾಯಾರಿಕೆ, ಗಾಢ ಬಣ್ಣದ ಸ್ವಲ್ಪವೇ ಮೂತ್ರ, ಇಳಿದ ತೂಕ. ನೀರು ಜಾಸ್ತಿಯಾದರೆ ಬಾಯಾರಿಕೆ ಇರುವುದಿಲ್ಲ, ಹೊಟ್ಟೆ ತುಂಬಿ ಉಬ್ಬಿದಂತಿರುತ್ತದೆ, ಬೆರಳು ಊದಿ ಉಂಗುರ ಬಿಗಿಯಾಗುತ್ತದೆ, ತೂಕ ಏರಿರುತ್ತದೆ. ಎರಡನೆಯದು ಅಂತ ಅನುಮಾನ ಬಂದರೆ ಇನ್ನು ನೀರು ಬೇಡ. ವಾಂತಿ ನಿಲ್ಲದಿದ್ದರೆ, ಮಂಕು ಕವಿದರೆ, ಫಿಟ್ಸ್ ಬಂದರೆ ಆಸ್ಪತ್ರೆಗೆ ಹೋಗಿ, ಹಾಟ್ ಯೋಗ ಮಾಡಿ ಇಷ್ಟು ನೀರು ಕುಡಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಉಪವಾಸದ ದಿನ

ಏಕಾದಶಿ, ಶಿವರಾತ್ರಿ, ನವರಾತ್ರಿ, ರಂಜಾನ್ ಬಂದಾಗಲೆಲ್ಲ ಈ ಪ್ರಶ್ನೆ ಇದ್ದೇ ಇರುತ್ತದೆ. ನೀರೂ ಕುಡಿಯದ ಉಪವಾಸದಲ್ಲಿ ಹಾಟ್ ಯೋಗ ಬೇಡವೇ ಬೇಡ. ಹಣ್ಣು, ಹಾಲು, ನೀರು ನಡೆಯುವ ಉಪವಾಸವಾದರೆ ಬಿಸಿ ಮಾಡದ ಕೋಣೆಯ ಹಗುರ ಆಸನಗಳು ಸಾಕು. ರಂಜಾನ್ ತಿಂಗಳಲ್ಲಿ ಬಿಡಲು ಇಷ್ಟವಿಲ್ಲದವರು ಇಫ್ತಾರ್ ಆಗಿ ಎರಡು ಗಂಟೆಯಾದರೂ ಕಳೆದ ಮೇಲಿನ ರಾತ್ರಿ ಕ್ಲಾಸ್ ಹುಡುಕಿಕೊಳ್ಳಿ. ಆಮೇಲೆ ಸೆಹ್ರಿ ತನಕ ಸ್ವಲ್ಪ ಸ್ವಲ್ಪವಾಗಿ ನೀರು, ಮಜ್ಜಿಗೆ ಕುಡಿಯುತ್ತಿರಿ. ಜ್ವರ, ಬೇಧಿ ಇದ್ದ ದಿನ, ಅದು ಬಿಟ್ಟ ಮೇಲೂ ಎರಡು ದಿನ, ಕ್ಲಾಸಿಗೆ ಹೋಗಬೇಡಿ. ದುಡ್ಡು ಕಟ್ಟಿದ ಪ್ಯಾಕೇಜ್ ಹಾಳಾಗುತ್ತದೆ ಅನಿಸಿದರೆ ಸ್ಟುಡಿಯೊದವರಿಗೆ ಹೇಳಿ ದಿನ ಮುಂದೂಡಿಸಿಕೊಳ್ಳಿ, ಕೇಳಿದರೆ ಹಲವರು ಒಪ್ಪುತ್ತಾರೆ.